ಕಾರವಾರದ ಐಸ್ ಪ್ಲಾಂಟ್ ಕೆಲಸವನ್ನೇ ಬರೆಯಿರಿ

ಬಿಕಾಂ ಮುಗಿಸಿ ಮೂರು ವರ್ಷದಿಂದ ಕಾರವಾರದಲ್ಲಿ ಮಾವನ ಐಸ್ ಪ್ಲಾಂಟ್ ನೋಡಿಕೊಳ್ತಿದ್ದೇನೆ, ಐಎಸ್‌ಬಿ, ಐಐಎಂನಂಥ ಎಂಬಿಎ ಕಾಲೇಜುಗಳಿಗೆ ಅರ್ಜಿ ಹಾಕಬೇಕು, ತೋರಿಸೋಕೆ ಏನೂ ಇಲ್ಲ, ಮೊದಲು ಬೆಂಗಳೂರಿನ ಯಾವುದಾದರೂ ಕಂಪನಿ ಸೇರಿಕೊಳ್ಳಲಾ ಅಂತ ಕೇಳಿದ್ದೀರಿ.

ಬರೀ ಅರ್ಜಿಗೋಸ್ಕರ ಆದರೆ ಬೇಡ. ನಿಮ್ಮ ಹತ್ತಿರ ಇರೋದು ಏನು ಅಂತ ನಿಮಗೇ ಕಂಡಿಲ್ಲ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಮೀನಿಗೆ ಹೋಗೋ ಹಾಗಿಲ್ಲ. ಬೋಟು ದಡದಲ್ಲಿದ್ದರೆ ಐಸ್ ಯಾರಿಗೆ ಬೇಕು? ಆ ಎರಡು ತಿಂಗಳು ಕೆಲಸದವರನ್ನು ಹೇಗೆ ಉಳಿಸಿಕೊಂಡಿರಿ, ಆಗಸ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಬಂದಾಗ ಯಾರಿಗೆ ಮೊದಲು ಕೊಟ್ಟಿರಿ, ಉದ್ರಿ ಎಷ್ಟು ಬಿಟ್ಟಿರಿ, ಮೀನು ಸಿಗದೆ ವಾಪಸ್ ಬಂದ ಬೋಟಿನವರ ಹತ್ತಿರ ವಸೂಲಿ ಹೇಗೆ ಮಾಡಿದಿರಿ? ಅರ್ಜಿಯ ಪ್ರಬಂಧದಲ್ಲಿ ಇದನ್ನೇ ಬರೆಯಿರಿ. ಅಂದಾಜಿಗೆ ಬೇಡ, ಕರೆಂಟ್ ಬಿಲ್ಲು, ಉದ್ರಿ ಪುಸ್ತಕ ನೋಡಿ ನಿಜವಾದ ಅಂಕಿ ಹಾಕಿ.

ನಂದು ಶಿರಸಿ ಹತ್ತಿರ ಅಡಿಕೆ ತೋಟದ ಮನೆ. ನಾನು ಅರ್ಜಿ ಹಾಕಿದ ಮೊದಲ ವರ್ಷ ಒಬ್ಬ ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟು ಪ್ರಬಂಧ ತಿದ್ದಿಸಿದೆ. ನಾಯಕತ್ವ, ದೂರದೃಷ್ಟಿ, ಬರೀ ಇಂಥ ಮಾತುಗಳೇ. ಇಂಟರ್‌ವ್ಯೂಗೂ ಕರೆ ಬರಲಿಲ್ಲ, ತುಂಬಾ ಬೇಜಾರಾಗಿತ್ತು. ಮರುವರ್ಷ ಅಡಿಕೆಯನ್ನು ಚಾಲಿ ಮಾಡೋದೋ ಕೆಂಪಡಿಕೆ ಮಾಡೋದೋ ಅಂತ ಅಪ್ಪನ ಜೊತೆ ನಡೆದ ವಾದವನ್ನು ಬರೆದೆ. ಕೆಂಪಡಿಕೆಗಾದರೆ ಹಸಿಯಲ್ಲೇ ಕೊಯ್ದು ಸುಲಿದು ಬೇಯಿಸಬೇಕು, ತಡ ಮಾಡೋ ಹಾಗಿಲ್ಲ, ಒಮ್ಮೆಲೇ ಆಳು ಬೇಕು. ಚಾಲಿಗೆ ಹಣ್ಣಾಗೋ ತನಕ ಕಾದು ವಾರಗಟ್ಟಲೆ ಅಂಗಳದಲ್ಲಿ ಒಣಗಿಸಬೇಕು, ದುಡ್ಡು ಕೈಗೆ ಬರೋದು ತಡ. ಆಳು ಸಿಗದ ಆ ವರ್ಷ ಅರ್ಧ ಅರ್ಧ ಮಾಡಿದೆವು, ಸಾಲದ ಕಂತಿನ ಲೆಕ್ಕ ನಾನೇ ಹಾಕಿದ್ದೆ. ಇಂಟರ್‌ವ್ಯೂನಲ್ಲಿ ಅರ್ಧ ಹೊತ್ತು ಅದೇ ಮಾತಾಯಿತು, ಸೀಟೂ ಸಿಕ್ಕಿತು.

ಆದರೆ ಎರಡೂ ಕಡೆಗೆ ಒಂದೇ ತಯಾರಿ ಸಾಲದು. ಐಐಎಂಗಳಿಗೆ ಕ್ಯಾಟ್ ಪ್ರವೇಶ ಪರೀಕ್ಷೆಯೇ ಬಾಗಿಲು. ಮೂರು ವಿಭಾಗ, ತಲಾ 40 ನಿಮಿಷ, ಒಂದರಲ್ಲಿ ಕಟಾಫ್ ತಪ್ಪಿದರೂ ಒಟ್ಟು ಅಂಕ ಕೈಹಿಡಿಯಲ್ಲ. ಐಐಎಂ ಬೆಂಗಳೂರು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಅದನ್ನಂತೂ ಈಗ ಬದಲಾಯಿಸೋಕಾಗಲ್ಲ, ಕ್ಯಾಟ್ ಮೇಲೆ ಜಾಸ್ತಿ ಗಮನ ಕೊಡಿ. ಐಎಸ್‌ಬಿಯಲ್ಲಿ ಜಿಮ್ಯಾಟ್ ಅಥವಾ ಜಿಆರ್‌ಇ ಪರೀಕ್ಷೆಯ ಅಂಕದ ಜೊತೆ ಪ್ರಬಂಧ, ಶಿಫಾರಸು ಪತ್ರ ಎಲ್ಲಾ ತೂಗುತ್ತೆ, ನಿಮ್ಮ ಐಸ್ ಪ್ಲಾಂಟ್ ಜಾಸ್ತಿ ಕೆಲಸಕ್ಕೆ ಬರೋದು ಅಲ್ಲೇ.

ಶಿಫಾರಸು ಪತ್ರಕ್ಕೆ ಸುಮ್ನೆ ಎಂಎಲ್‌ಎ ಕಚೇರಿಗೆ ಅಲೆಯಬೇಡಿ. ನಿಮ್ಮ ಮುಖವೇ ನೋಡದವರು ಏನು ಬರೀತಾರೆ? ಮಾವನ ಪತ್ರವೂ ಬೇಡ, ಮನೆಯವರ ಮಾತಿಗೆ ಅಷ್ಟು ತೂಕ ಇರಲ್ಲ ಅಲ್ವಾ. ಪ್ರತಿ ವರ್ಷ ನಿಮ್ಮ ಲೆಕ್ಕ ನೋಡೋ ಆಡಿಟರ್ ಇದ್ದಾರಲ್ಲ, ಅವರನ್ನು ಕೇಳಿ. ಬರೋ ಜೂನ್‌ನಲ್ಲಿ ಪ್ಲಾಂಟಿಗೆ ಹೇಗೂ ಬಿಡುವು, ಮೂರು ವರ್ಷದ ಪುಸ್ತಕ ಹಿಡಿದು ಅವರ ಜೊತೆ ಒಂದು ದಿನ ಕೂತುಕೊಳ್ಳಿ.