ಟೆಸ್ಟ್ ಡೋಸ್ ಸರಿಯಿತ್ತು, ಆದರೂ ಮಗುವಿಗೆ ಯಾಕೆ ಹೀಗಾಯಿತು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 6 ವರ್ಷ, ತೂಕ 18 ಕೆ.ಜಿ. ತೊಡೆಯಲ್ಲಿ ಕುರು ಆಗಿತ್ತೆಂದು ಹೋದ ತಿಂಗಳು ನರ್ಸಿಂಗ್ ಹೋಮಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಮೊದಲು ಕೈಗೆ ಟೆಸ್ಟ್ ಡೋಸ್ ಹಾಕಿದಾಗ ಏನೂ ಆಗಲಿಲ್ಲ. ಪೂರ್ತಿ ಔಷಧಿ ಹೋಗಿ ಐದು ನಿಮಿಷಕ್ಕೆ ಮೈಯೆಲ್ಲ ಗಂಧೆ ಎದ್ದಿತು, ತುಟಿ ಊದಿತು, ಎರಡು ಸಲ ವಾಂತಿ. ಆಮೇಲೆ ಮಗು ಬಾಡಿದ ಸೊಪ್ಪಿನ ಹಾಗೆ ಜೋಲುಬಿದ್ದಳು. ಮೊದಲು ಏವಿಲ್ ಎಂಬ ಅಲರ್ಜಿ ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬ ಡಾಕ್ಟರು ಓಡಿಬಂದು ತೊಡೆಗೆ ಅಡ್ರಿನಲಿನ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು. ಅವಳ ಅಣ್ಣನಿಗೂ 3 ವರ್ಷವಿದ್ದಾಗ ಅಮಾಕ್ಸಿಸಿಲಿನ್ ಸಿರಪ್ ಶುರುಮಾಡಿದ ಐದನೇ ದಿನ ಎದೆ, ಬೆನ್ನಿನ ಮೇಲೆ ಕೆಂಪು ಚುಕ್ಕೆ ಎದ್ದಿದ್ದವು. ಇಬ್ಬರದೂ ಒಂದೇ ಅಲರ್ಜಿಯಾ? ಮಗಳಿಗೆ ಡಿಪಿಟಿ ಬೂಸ್ಟರ್ ಬಾಕಿ ಇದೆ, ಹಾಕಿಸಬಹುದಾ?
– ಒಬ್ಬ ತಾಯಿ, ಸಾಗರ

ಉತ್ತರ: ನಿಮ್ಮ ಕಾಗದ ಓದಿ ಎದೆ ಝಲ್ಲೆಂದಿತು, ತಾಯಿ. ಮಗಳು ಚೆನ್ನಾಗಿದ್ದಾಳಲ್ಲ, ಅದೇ ದೊಡ್ಡ ಸಮಾಧಾನ.

ಅವಳಿಗೆ ಆಗಿದ್ದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿ. ಔಷಧಿ ಹೋದ ಕೆಲವೇ ನಿಮಿಷದಲ್ಲಿ ಚರ್ಮದ ಜೊತೆಗೆ ಹೊಟ್ಟೆ, ಉಸಿರು, ರಕ್ತದೊತ್ತಡ ಇವುಗಳಲ್ಲಿ ಯಾವುದಾದರೂ ಕೆಟ್ಟರೆ ಹಾಗೆಂದೇ ತಿಳಿಯಬೇಕು. ಅದಕ್ಕೆ ಮೊದಲ ಮದ್ದು ಅಡ್ರಿನಲಿನ್. ಏವಿಲ್ ಅಲ್ಲ, ಸ್ಟಿರಾಯ್ಡ್ ಕೂಡ ಅಲ್ಲ. ಏವಿಲ್‌ನಿಂದ ತುರಿಕೆ ಇಳಿಯುತ್ತದೆ, ಕುಸಿದ ಬಿಪಿ ಏರುವುದಿಲ್ಲ, ಮುಚ್ಚಿಕೊಳ್ಳುತ್ತಿರುವ ಗಂಟಲು ತೆರೆಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಐದು ವರ್ಷದ ಹುಡುಗನಿಗೆ ಹೀಗೇ ಆಯಿತು. ಏವಿಲ್ ಕೊಟ್ಟೆವು, ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟೆವು, ಕಾದೆವು. ಅಡ್ರಿನಲಿನ್ ಕೊಟ್ಟರೆ ಹೃದಯಕ್ಕೆ ಏನಾದರೂ ಆದೀತು ಎಂಬ ಹೆದರಿಕೆ ನಮಗೆ. ಕೊನೆಗೆ ಕೊಟ್ಟಾಗ ಇಪ್ಪತ್ತು ನಿಮಿಷ ಕಳೆದಿತ್ತು. ಹುಡುಗ ಉಳಿದ, ಆದರೆ ಎರಡು ದಿನ ಅವನ ಅಮ್ಮ ವಾರ್ಡಿನ ಬಾಗಿಲಲ್ಲಿ ಕೂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ಆ ದಿನದಿಂದ ನನ್ನ ಟೇಬಲ್ ಮೇಲೆ 1 ಮಿ.ಲೀ.ಯಲ್ಲಿ 1 ಮಿ.ಗ್ರಾಂ. ಇರುವ ಅಡ್ರಿನಲಿನ್ ಆಂಪ್ಯೂಲ್ ಮತ್ತು ಸಣ್ಣ ಸಿರಿಂಜ್ ಇಲ್ಲದೆ ಯಾವ ಮಗುವಿಗೂ ಇಂಜೆಕ್ಷನ್ ಕೊಟ್ಟಿಲ್ಲ. ಕೆ.ಜಿ.ಗೆ 0.01 ಮಿ.ಗ್ರಾಂ. ಲೆಕ್ಕದಲ್ಲಿ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುತ್ತೇವೆ. ನಿಮ್ಮ ಮಗಳ ತೂಕಕ್ಕೆ ಅದು 0.18 ಮಿ.ಲೀ. ಅಷ್ಟೆ. ಐದು ನಿಮಿಷಕ್ಕೆ ಚೇತರಿಕೆ ಕಾಣದಿದ್ದರೆ ಇನ್ನೊಂದು ಸಲ. ಮಗುವನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿಡಬೇಕು. ಏದುಸಿರಿದ್ದರೆ ಒರಗಿಸಿ ಕೂರಿಸಬಹುದು. ಎತ್ತಿ ನಿಲ್ಲಿಸಬೇಡಿ, ನಡೆಸಬೇಡಿ, ಬಿಪಿ ಒಮ್ಮೆಲೇ ಬಿದ್ದುಹೋಗುತ್ತದೆ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಅದು ಮತ್ತೆ ಕಾಣಿಸಿಕೊಳ್ಳಬಹುದು.

ಇನ್ನು ಟೆಸ್ಟ್ ಡೋಸ್. ನಮ್ಮಲ್ಲಿ ಅದರ ಮೇಲೆ ಜಾಸ್ತಿ ನಂಬಿಕೆ. ಮೊದಲು ಯಾವ ತೊಂದರೆಯೂ ಆಗಿರದ ಮಗುವಿನ ಕೈಗೆ ಚುಚ್ಚಿ ಕೆಂಪಾಗಲಿಲ್ಲ ಎಂದ ಮಾತ್ರಕ್ಕೆ ಅಲರ್ಜಿ ಇಲ್ಲವೆಂದು ಹೇಳಲು ಬರುವುದಿಲ್ಲ. ಹಾಗಾಗಿ ಆ ಟೆಸ್ಟ್ ನೋಡಿ ಒಪ್ಪಿಕೊಂಡೆ ಎಂದು ನೀವು ಕೊರಗಬೇಡಿ.

ಈಗ ನೀವು ಮಾಡಬೇಕಾದ ಕೆಲಸವೊಂದಿದೆ. ಆ ನರ್ಸಿಂಗ್ ಹೋಮಿಗೆ ಹೋಗಿ ಕೇಸ್ ಶೀಟಿನ ಪ್ರತಿ ತೆಗೆದುಕೊಳ್ಳಿ. ಸೆಫ್ಟ್ರಿಯಾಕ್ಸೋನ್ ಒಂದನ್ನೇ ಕೊಟ್ಟರಾ, ಜೊತೆಗೆ ನೋವಿನ ಇಂಜೆಕ್ಷನ್ ಇತ್ತಾ, ಮರಗಟ್ಟಿಸುವ ಮದ್ದು ಲಿಗ್ನೋಕೇನ್‌ನಲ್ಲಿ ಕಲಸಿದ್ದರಾ, ಎಷ್ಟು ಗಂಟೆಗೆ ಕೊಟ್ಟರು, ಎಷ್ಟು ಹೊತ್ತಿಗೆ ಗಂಧೆ ಎದ್ದಿತು? ಇಷ್ಟಿಲ್ಲದೆ ಯಾವ ಅಲರ್ಜಿ ತಜ್ಞರೂ ನಿಖರವಾಗಿ ಹೇಳಲಾರರು. ಚರ್ಮದ ಪರೀಕ್ಷೆಯನ್ನು ಘಟನೆ ನಡೆದು 4ರಿಂದ 6 ವಾರ ಕಳೆದ ಮೇಲೆ ಮಾಡುತ್ತಾರೆ, ನಿಮಗೆ ಇದು ಸರಿಯಾದ ಸಮಯ. ಅಲ್ಲಿಯವರೆಗೆ ‘ಸೆಫ್’ ಎಂದು ಶುರುವಾಗುವ ಯಾವ ಔಷಧಿಯೂ ಬೇಡ. ಬ್ರಾಂಡ್ ಹೆಸರು ನೋಡಿ ಮೋಸಹೋಗಬೇಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಹೆಸರನ್ನು ಓದಿ.

ಮಗನ ವಿಷಯ ಬೇರೆ. ಐದನೇ ದಿನ, ಚಪ್ಪಟೆ ಕೆಂಪು ಚುಕ್ಕೆ, ಊತವಿಲ್ಲ, ಉಸಿರಿನ ತೊಂದರೆಯಿಲ್ಲ ಎಂದರೆ ಅದು ಬಹುಶಃ ಆಗ ಇದ್ದ ವೈರಲ್ ಜ್ವರದ ದದ್ದು ಅಥವಾ ಅಪಾಯವಿಲ್ಲದ ತಡವಾದ ಪ್ರತಿಕ್ರಿಯೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನ ಔಷಧಿ. ಪೆನಿಸಿಲಿನ್ ಅಲರ್ಜಿ ಎಂದು ಚೀಟಿ ಬರೆಸಿಕೊಂಡ ಮಕ್ಕಳನ್ನು ಸರಿಯಾಗಿ ಪರೀಕ್ಷಿಸಿದರೆ 10ರಲ್ಲಿ 9ಕ್ಕಿಂತ ಹೆಚ್ಚು ಮಕ್ಕಳಿಗೆ ಆ ಔಷಧಿ ಆಗಿಬರುತ್ತದೆ. ಸುಮ್ನೆ ಆ ಹಣೆಪಟ್ಟಿ ಉಳಿದರೆ ಒಳ್ಳೆಯ, ಅಗ್ಗದ ಔಷಧಿಯೊಂದು ಅವನಿಗೆ ಜೀವನಪೂರ್ತಿ ತಪ್ಪಿಹೋಗುತ್ತದೆ. ಆಸ್ಪತ್ರೆಯಲ್ಲಿ ಮೊದಲು ಸ್ವಲ್ಪ, ಆಮೇಲೆ ಪೂರ್ತಿ ಡೋಸ್ ಕುಡಿಸಿ ಗಮನಿಸುತ್ತಾರೆ. ಮನೆಯಲ್ಲಿ ಮಾತ್ರ ನೀವೇ ಕೊಟ್ಟು ನೋಡಬೇಡಿ.

ಒಂದು ವಿಷಯ ಮಾತ್ರ ನೆನಪು ಮಾಡಿಕೊಂಡು ಹೇಳಿ. ಆಗ ಅವನ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮದ ಮೇಲೆ ನೀರುಗುಳ್ಳೆ ಅಥವಾ ಸಿಪ್ಪೆ ಏಳುವುದು ಇತ್ತಾ? ಇದ್ದರೆ ಆ ಔಷಧಿಯನ್ನು ಮತ್ತೆ ಮುಟ್ಟುವ ಹಾಗಿಲ್ಲ, ಪರೀಕ್ಷೆಗೂ ಕೊಡುವುದಿಲ್ಲ. ಅದು ಸ್ಟೀವನ್ಸ್ ಜಾನ್ಸನ್ ಎಂಬ ಭಯಂಕರ ತೊಂದರೆಯ ಗುರುತು. ಫಿಟ್ಸ್ ಮಾತ್ರೆ, ಸಲ್ಫಾ ಔಷಧಿ ಶುರುಮಾಡಿದ ಒಂದರಿಂದ ನಾಲ್ಕು ವಾರದೊಳಗೆ ಇದು ಹೆಚ್ಚಾಗಿ ಬರುತ್ತದೆ. ಹೀಗೆ ಕಂಡರೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು.

ಡಿಪಿಟಿ ಖಂಡಿತ ಹಾಕಿಸಿ. ಅದರಲ್ಲಿ ಸೆಫ್ಟ್ರಿಯಾಕ್ಸೋನ್ ಇಲ್ಲ. ಲಸಿಕೆ ಹಾಕುವ ಸಿಸ್ಟರ್‌ಗೆ ಹಿಂದೆ ಆಗಿದ್ದನ್ನು ಮೊದಲೇ ತಿಳಿಸಿ, ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ.