ರಾಜ್‌ಕೋಟ್‌ನಲ್ಲಿ ಗಾಂಧೀಜಿ ಓದಿದ ಶಾಲೆ ಈಗಲೂ ನಡೀತಿದೆಯಾ?

ಇಲ್ಲ. 2017ರಲ್ಲಿ ಶಾಲೆ ಮುಚ್ಚಿ, ಅಲ್ಲಿದ್ದ ಮಕ್ಕಳನ್ನು ಬೇರೆ ಕಡೆ ಸೇರಿಸಿದರು. ಕಟ್ಟಡ ದುರಸ್ತಿ ಮಾಡಿ, 2018ರ ಸೆಪ್ಟೆಂಬರ್ 30ರಂದು ಮಹಾತ್ಮ ಗಾಂಧಿ ಮ್ಯೂಸಿಯಂ ಅಂತ ತೆರೆದರು. ನಾನು ನೋಡಿದ್ದು ಮ್ಯೂಸಿಯಂ ಆದ ಮೇಲೆ.

ಶಾಲೆ ಶುರುವಾಗಿದ್ದು 1853ರಲ್ಲಿ. ಈಗಿನ ಕಲ್ಲಿನ ಕಟ್ಟಡ 1875ರದು. ಜುನಾಗಢದ ನವಾಬರು ಕಟ್ಟಿಸಿದ್ದು. ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್ ಹೆಸರು ಇದಕ್ಕೆ ಬಂತು. ಸ್ವಾತಂತ್ರ್ಯದ ನಂತರ ಮೋಹನದಾಸ್ ಗಾಂಧಿ ಹೈಸ್ಕೂಲ್ ಅಂತಾಯಿತು. ಗಾಂಧೀಜಿ 1887ರಲ್ಲಿ ಮೆಟ್ರಿಕ್ ಪಾಸಾಗಿದ್ದು ಇಲ್ಲಿಂದಲೇ.

'ಕೆಟಲ್' ಸ್ಪೆಲಿಂಗ್ ತಪ್ಪು ಬರೆದ ಕಥೆ ನಮಗೆಲ್ಲ ಗೊತ್ತು, ಅದೂ ಹೈಸ್ಕೂಲಿನ ಮೊದಲ ವರ್ಷದ್ದೇ. ಆದರೆ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಹೆಡ್‌ಮಾಸ್ಟರ್ ಗಿಮಿ ಅವರು ದೊಡ್ಡ ತರಗತಿಯ ಹುಡುಗರಿಗೆ ವ್ಯಾಯಾಮ ಕಡ್ಡಾಯ ಮಾಡಿದ್ದರು. ಗಾಂಧಿಗೆ ಅದು ಬೇಡವಾಗಿತ್ತು, ಶಾಲೆ ಬಿಟ್ಟ ಕೂಡಲೇ ಮನೆಗೆ ಹೋಗಿ ಕಾಯಿಲೆಯ ತಂದೆಯ ಸೇವೆ ಮಾಡಬೇಕಿತ್ತು. ಒಂದು ಶನಿವಾರ ಬೆಳಗಿನ ಶಾಲೆ, ಸಂಜೆ ನಾಲ್ಕಕ್ಕೆ ವ್ಯಾಯಾಮ. ಹುಡುಗನ ಹತ್ತಿರ ಗಡಿಯಾರ ಇರಲಿಲ್ಲ. ಮೋಡ ಕವಿದಿದ್ದರಿಂದ ಹೊತ್ತು ತಿಳಿಯಲಿಲ್ಲ. ಬರುವಷ್ಟರಲ್ಲಿ ಎಲ್ಲರೂ ಹೋಗಿಬಿಟ್ಟಿದ್ದರು. ಮರುದಿನ ಇದ್ದದ್ದನ್ನೇ ಹೇಳಿದ. ಹೆಡ್‌ಮಾಸ್ಟರ್ ನಂಬದೆ ಒಂದೋ ಎರಡೋ ಆಣೆ ದಂಡ ಹಾಕಿದರು. ಸುಳ್ಳ ಅನ್ನಿಸಿಕೊಂಡೆನಲ್ಲ ಅಂತ ಹುಡುಗ ಅತ್ತುಬಿಟ್ಟ.

ಇದೇ ಶಾಲೆಯ ಆ ಹುಡುಗನನ್ನು ಹುಡುಕಿಕೊಂಡು ನಾನು ಹೋಗಿದ್ದೆ. ತರಗತಿಗಳೆಲ್ಲ ಈಗ ಗ್ಯಾಲರಿಗಳು. ಪರದೆಗಳ ಮೇಲೆ, ಫಲಕಗಳ ಮೇಲೆ ಇಡೀ ಜೀವನ ಇದೆ. ಅಚ್ಚುಕಟ್ಟಾಗಿದೆ, ಮಕ್ಕಳು ಖುಷಿಯಾಗಿ ನೋಡುತ್ತಾರೆ. ಆದರೂ ದಕ್ಷಿಣ ಆಫ್ರಿಕಾ, ದಂಡಿಯ ಕಥೆಗಳನ್ನು ಸಾಬರಮತಿಯಲ್ಲೂ ದಿಲ್ಲಿಯಲ್ಲೂ ನೋಡಬಹುದು, ಅಲ್ವಾ? ಹೆದರುಪುಕ್ಕಲ, ಓದಿನಲ್ಲಿ ಸಾಧಾರಣನಾದ ಹುಡುಗನೊಬ್ಬ ಕೂತು ಎದ್ದ ಜಾಗ ಇದು. ಅವನಿಗೇ ಹೆಚ್ಚು ಜಾಗ ಸಿಗಬೇಕು. ನನ್ನ ಕೈಲಿದ್ದರೆ ಒಂದು ಕೋಣೆಯನ್ನಾದರೂ ಬೆಂಚು, ಬೋರ್ಡು, ಹಾಜರಿ ಪುಸ್ತಕದ ಸಮೇತ ತರಗತಿಯಾಗಿಯೇ ಇಡುತ್ತಿದ್ದೆ.

ಹೋಗುವುದಾದರೆ ಅದೇ ಊರಿನಲ್ಲಿರುವ ಕಬಾ ಗಾಂಧಿ ನೋ ಡೇಲೋ, ಅಂದರೆ ಅವರ ಮನೆಯನ್ನೂ ನೋಡಿ. ಮೊದಲು ಮನೆ, ಆಮೇಲೆ ಶಾಲೆ.