ಪಾತ್ರ ವಹಿಸಿ, ದಾಳ ಎಸೆದು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕಳ್ಳ ಪಾತ್ರ ಕಂಡಕಂಡವರ ಜೇಬಿಗೆ ಕೈ ಹಾಕುತ್ತಿದ್ದರೆ ಆಟ ನಡೆಸುವವರು ಏನು ಮಾಡಬೇಕು?
ದಾಳ ಎಸೆಯುವ ಮೊದಲೇ ಕೇಳಿ: ಯಾರ ಜೇಬು, ಏನು ಬೇಕು? ಸಂತೆಯಲ್ಲಿ ಚಿಲ್ಲರೆ ಎಗರಿಸಲು ಪ್ರತಿ ಸಲ ದಾಳ ಉರುಳಿಸುತ್ತ ಕೂತರೆ ಉಳಿದವರು ಆಕಳಿಸುತ್ತಾರೆ. ಒಂದೇ ಎಸೆತದಲ್ಲಿ ಮುಗಿಸಿ. ಕಾವಲುಗಾರನ ಸೊಂಟದ ಬೀಗದಕೈಯಂಥದ್ದಾದರೆ ಮಾತ್ರ ದೃಶ್ಯವನ್ನು ಬೆಳೆಸಿ.

ಕದಿಯಲಾಗಲಿಲ್ಲ ಎಂದರೆ ಸಿಕ್ಕಿಬಿದ್ದ ಎಂದೇ ಆಗಬೇಕಿಲ್ಲ. ಈ ಆಟದ 1981ರ ಬೇಸಿಕ್ ನಿಯಮಪುಸ್ತಕದಲ್ಲಿ ಮೊದಲ ಹಂತದ ಕಳ್ಳನಿಗೆ ಜೇಬು ಕತ್ತರಿಸಿ ಗೆಲ್ಲುವ ಅವಕಾಶ ಶೇ. 20: 1ರಿಂದ 100ರವರೆಗಿನ ಎಸೆತದಲ್ಲಿ 20 ಅಥವಾ ಕಡಿಮೆ ಬೀಳಬೇಕು. ಎಸೆತ ಅದರ ಎರಡು ಪಟ್ಟು ದಾಟಿದರೆ, ಅಂದರೆ 41 ಅಥವಾ ಹೆಚ್ಚು ಬಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತಾನೆ. 21ರಿಂದ 40 ಬಂದರೆ ಬರಿಗೈ, ಅಷ್ಟೇ. ಆಟದ ಐದನೇ ಆವೃತ್ತಿ ಆಡಿಸುವಾಗಲೂ ನಾನು ಇಂಥದ್ದೊಂದು ನಡುದಾರಿ ಇಟ್ಟುಕೊಳ್ಳುತ್ತೇನೆ: ಸ್ವಲ್ಪದರಲ್ಲಿ ತಪ್ಪಿದರೆ ಏನೂ ಸಿಗದು, ಗುಲ್ಲೂ ಏಳದು.

ಜೊತೆಗಾರರ ಜೇಬಿಗೆ ಕೈ ಹಾಕುವುದಾದರೆ ಮಾತ್ರ ಆ ಆಟಗಾರರ ಒಪ್ಪಿಗೆ ಮೊದಲೇ ಬೇಕು.